ಓದಲು ಬಾರದವರಿಗೆ ‘ಬಿಟ್ಟ ಸ್ಥಳ ತುಂಬಿರಿ’ ಯಾಕೆ?

ಕ್ರಿಸ್ತನಲ್ಲಿ ಪ್ರಿಯ ಸಹೋದರಿಯವರಿಗೆ ವಂದನೆ.

ನೀವು ಕಳಿಸಿದ ‘ಓದು ಬಾರದವರಿಗೆ ಸುಲಭ ಸತ್ಯವೇದ ಪಾಠಗಳು’ ಕೈಸೇರಿ ಮೂರು ವಾರ ಆಯಿತು. 12 ಪಾಠ, 86 ಪುಟ. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ನಮ್ಮಿಂದ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಉಳಿದದ್ದನ್ನು ನೀವು ಸಮಾಧಾನವಾಗಿ ಓದಲಿ ಅಂತ.

ನಿಮ್ಮ ಪ್ರತಿಯೊಂದು ಪಾಠವೂ ಒಂದೇ ಸಾಲಿನಿಂದ ಶುರುವಾಗುತ್ತದೆ: ‘ಎಲ್ಲರೂ ಸರದಿಯಂತೆ ಒಂದೊಂದು ವಚನ ಓದಿರಿ.’ ಮುಗಿಯುವುದು ‘ಬಿಟ್ಟ ಸ್ಥಳ ತುಂಬಿರಿ’ಯಿಂದ. ಯಾರಿಗೆ ಓದಲು ಬರುವುದಿಲ್ಲವೋ ಅವರಿಗೇ ಅಲ್ವಾ ಈ ಪುಸ್ತಕ? ಮೊದಲು ನಕ್ಕೆ. ಆಮೇಲೆ ನಮ್ಮ ಪ್ರಾರ್ಥನಾ ಕೂಟಗಳು ನೆನಪಾದವು. ಅಲ್ಲೂ ಹೀಗೇ, ಸುತ್ತ ಕೂತು ಒಬ್ಬೊಬ್ಬರು ಒಂದೊಂದು ವಚನ ಓದುವುದು. ತಮ್ಮ ಸರದಿ ಇನ್ನು ಎರಡು ಆಳು ಆಚೆ ಇದೆ ಅನ್ನುವಾಗ ಒಬ್ಬ ತಾಯಿ ಎದ್ದು ‘ಚಹಾ ಇಡ್ತೀನಿ’ ಅಂತ ಒಳಗೆ ಹೋಗುತ್ತಾರೆ. ಇನ್ನೊಬ್ಬರು ಚಾಳೀಸು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಪ್ರತಿ ವಾರವೂ ಬಿಟ್ಟೇ ಬಂದಿರುತ್ತಾರೆ. ಆ ತಾಯಿಗೆ ಚಹಾ ಮೇಲೆ ಬಹಳ ಆಸೆ ಅಂತ ನಾನು ಎಷ್ಟೋ ವರ್ಷ ತಿಳಿದುಕೊಂಡಿದ್ದೆ.

ಇವರು ಎಲ್ಲೋ ದೂರದಲ್ಲಿರುವ ನಾಲ್ಕು ಜನ ಅಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರ ಸಾಕ್ಷರತೆ ಸುಮಾರು ಶೇ. 68. ಅದರಲ್ಲೂ ಗಣತಿಯವರು ಯಾರಿಗೂ ಪುಸ್ತಕ ಕೊಟ್ಟು ಓದಿಸುವುದಿಲ್ಲ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ರುಜು ಹಾಕಲು ಬರುತ್ತದೆ, ಬಸ್ಸಿನ ಬೋರ್ಡು ಗುರುತು ಸಿಗುತ್ತದೆ, ಆದರೆ ಯೋಹಾನನ ಸುವಾರ್ತೆಯ ಒಂದು ಅಧ್ಯಾಯ ಓದಿ ಮುಗಿಸಲು ಆಗುವುದಿಲ್ಲ. ಇಂಥವರೂ ಬಹಳ ಜನ.

ಈಗ ನನ್ನ ತಪ್ಪು ಹೇಳುತ್ತೇನೆ. ಬಹಳ ಹಿಂದೆ ನಾವೂ ನಿಮ್ಮಂತೆ ಒಂದು ‘ಸರಳ’ ಪುಸ್ತಿಕೆ ತಂದಿದ್ದೆವು. ದಪ್ಪ ಅಕ್ಷರ, ಪುಟಕ್ಕೊಂದು ಚಿತ್ರ, ಗುಂಡು ಕೆನ್ನೆಯ ನೋಹ, ನಗುವ ಜಿರಾಫೆ. ಬೆಟಗೇರಿಯ ಒಂದು ಓಣಿಯಲ್ಲಿ ಕೂಟ. ಮಗ್ಗದ ಕೆಲಸ ಮಾಡಿ ಬೆರಳು ಒರಟಾದ ಒಬ್ಬ ಅಜ್ಜಿಗೆ ಕೊಟ್ಟೆ. ಎರಡು ಹಾಳೆ ತಿರುವಿದರು, ಮೊಮ್ಮಗನ ಕೈಗೆ ಇಟ್ಟರು. ‘ಇದು ಸಣ್ಣ ಹುಡುಗರದ್ದೈತ್ರಿ. ನನಗ ದೊಡ್ಡವರದ್ದು ಕೊಡ್ರಿ’ ಅಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಅಷ್ಟೇ. ನಾಲ್ಕು ಮಕ್ಕಳನ್ನು ಸಾಕಿದವರು, ಸಾಲ ತೀರಿಸಿದವರು, ಗಂಡನನ್ನು ಮಣ್ಣು ಮಾಡಿದವರು. ಅವರಿಗೆ ನಾನು ಜಿರಾಫೆ ಕೊಟ್ಟಿದ್ದೆ.

ನಿಮ್ಮ ಪಾಠಗಳಲ್ಲೂ ಜಿರಾಫೆ ಇದೆ. ‘ಬನ್ನಿ, ಒಂದು ಚಂದದ ಕಥೆ ಕೇಳೋಣ್ವಾ?’ ಅನ್ನುವಾಗೆಲ್ಲ ಅದು ಇಣುಕುತ್ತದೆ. ಆದರೆ ಮುಂದಿನ ಪುಟದಲ್ಲೇ ಪೂರ್ತಿ ಉಲ್ಟಾ. ಮೂರನೇ ಪಾಠದ ವಾಕ್ಯ ನೋಡಿ: ‘ಪಾಪದ ದಾಸತ್ವದಿಂದ ವಿಮೋಚನೆ ಹೊಂದಿದ ವಿಶ್ವಾಸಿಯು ಪರಿಶುದ್ಧಾತ್ಮನ ಪ್ರೇರಣೆಯಿಂದ ನೂತನ ಜೀವಿತವನ್ನು ನಡೆಸುತ್ತಾನೆ.’ ಉದ್ದ ಇಲ್ಲ, ವ್ಯಾಕರಣವೂ ಸರಿ. ಆದರೆ ಜೋರಾಗಿ ಓದಿ, ಕಣ್ಣು ಮುಚ್ಚಿ. ಏನಾದರೂ ಕಾಣಿಸಿತಾ? ನನಗೆ ಏನೂ ಕಾಣಿಸಲಿಲ್ಲ. ಅದೇ ಜಾಗಕ್ಕೆ ಜಕ್ಕಾಯನನ್ನು ತನ್ನಿ, ಯೇಸುವನ್ನು ನೋಡಲು ಮರ ಹತ್ತಿದ ಆ ಸುಂಕದವನನ್ನು. ಮರದಿಂದ ಇಳಿದ. ಯೇಸುವನ್ನು ಮನೆಗೆ ಕರೆದುಕೊಂಡು ಹೋದ. ‘ಯಾರ ಹತ್ತಿರ ಮೋಸದಿಂದ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ’ ಅಂದ. ನಿಮ್ಮ ನೂತನ ಜೀವಿತ ಇಲ್ಲಿ ಮೂರು ಸಾಲಿನಲ್ಲಿ ಬಂತು. ಕೇಳಿದವರು ಮನೆಗೆ ಹೋಗಿ ಸೊಸೆಗೆ ಹೇಳಬಹುದು.

ಹಾಗಂತ ಕಷ್ಟದ ಪದವನ್ನೆಲ್ಲ ಕಿತ್ತು ಹಾಕಬೇಡಿ. ಇಲ್ಲಿ ಹೊಸಬರು ಎಡವುತ್ತಾರೆ. ಕಣ್ಣಿಗೆ ಕಷ್ಟ, ಕಿವಿಗೆ ಕಷ್ಟ ಇವೆರಡೂ ಬೇರೆ ಬೇರೆ. ‘ಪರಿಶುದ್ಧಾತ್ಮ’ವನ್ನು ಹಾಡಿ ಹಾಡಿ ಅವರು ಕಿವಿಗೆ ಪಳಗಿಸಿಕೊಂಡಿದ್ದಾರೆ, ಅದು ಇರಲಿ. ನಿಮ್ಮ ನಾಲ್ಕನೇ ಪಾಠದ ತಲೆಬರಹ ‘ಪ್ರಾಯಶ್ಚಿತ್ತ’. ಕೇಳಿದರೆ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ನಾಲ್ಕಕ್ಷರದಲ್ಲಿ ಮೂರಕ್ಕೆ ಒತ್ತಕ್ಷರ. ಈಗಷ್ಟೇ ಕಾಗುಣಿತ ದಾಟಿದವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ‘ನೂತನ’ದಲ್ಲಿ ಒಂದೂ ಒತ್ತಿಲ್ಲ, ಆದರೆ ಅದನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಹಳೆಯ ಭಾಷಾಂತರದ ‘ಯೆಹೋವನು ನನಗೆ ಕುರುಬನು’ ನೋಡಿ. ಕಂಬಳಿ ಹೊದ್ದು ಕುರಿ ಹಿಂಡಿನ ಹಿಂದೆ ನಡೆಯುವವನನ್ನು ಬಯಲುಸೀಮೆಯಲ್ಲಿ ನೋಡದವರು ಯಾರು? ನೀವು ಅದನ್ನು ತಿದ್ದಿ ‘ಪಾಲಕನು’ ಅಂತ ಮಾಡಿದ್ದೀರಿ. ದಯವಿಟ್ಟು ಕುರುಬನನ್ನು ವಾಪಸ್ ತನ್ನಿ.

ನಿಮ್ಮ ಮುನ್ನುಡಿಯಲ್ಲಿ ‘ಓದಲು ಬಾರದ ಕಾರಣ ಇವರು ದೇವರ ವಾಕ್ಯದಿಂದ ವಂಚಿತರು’ ಅಂತ ಬರೆದಿದ್ದೀರಿ. ಒಪ್ಪಲಾರೆ. ಕುಮಾರವ್ಯಾಸನ ಭಾರತವನ್ನೂ ಜೈಮಿನಿಯನ್ನೂ ಈ ನಾಡು ತಲೆಮಾರುಗಟ್ಟಲೆ ಕಿವಿಯಿಂದಲೇ ಕಲಿಯಿತು. ಒಬ್ಬರು ಹಾಡುತ್ತಿದ್ದರು, ಇನ್ನೊಬ್ಬರು ಅರ್ಥ ಬಿಡಿಸುತ್ತಿದ್ದರು, ಕಟ್ಟೆ ತುಂಬ ಜನ. ನಿಘಂಟಿನ ಕಿಟೆಲ್‌ಗೆ ಇದು ಗೊತ್ತಾಗಿತ್ತು ಅಂತ ಕಾಣುತ್ತದೆ. 1862ರಲ್ಲೇ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಪದ್ಯದ ಧಾಟಿಗೆ ತಂದರು. ಅಷ್ಟೇಕೆ, ರೋಮಾಪುರದವರಿಗೆ ಬರೆದ ಪತ್ರವನ್ನೇ ಪೌಲ ಬಾಯಲ್ಲಿ ಹೇಳಿದ, ತೆರ್ತ್ಯ ಅನ್ನುವವನು ಬರೆದುಕೊಂಡ. ಸಭೆಯಲ್ಲಿ ಯಾರೋ ಒಬ್ಬರು ಅದನ್ನು ಓದಿದರು, ಉಳಿದವರು ಕೂತು ಕೇಳಿದರು. ಆ ಮೊದಲ ಸಭೆಗಳಲ್ಲೂ ನಮ್ಮ ಚಹಾ ಇಡುವ ತಾಯಂಥವರೇ ಹೆಚ್ಚಾಗಿದ್ದರು.

ಏಳನೇ ಪಾಠ ಮಾತ್ರ ನನಗೆ ನಿಜವಾಗಿ ಹಿಡಿಸಿತು. ಕಳೆದುಹೋದ ಬೆಳ್ಳಿ ನಾಣ್ಯ, ಲೂಕ 15. ದೇವರು ನಮ್ಮನ್ನು ಹುಡುಕುವ ರೀತಿ ತೋರಿಸಲು ಯೇಸು ಹೇಳಿದ, ನಾಣ್ಯ ಹುಡುಕುವ ಹೆಂಗಸಿನ ಕಥೆ. ಇಲ್ಲಿ ನೀವು ಪಾಠ ಹೇಳುವುದನ್ನು ಮರೆತು ಕಥೆ ಹೇಳಿದ್ದೀರಿ. ದೀಪ ಹಚ್ಚಿದ್ದು, ಮೂಲೆ ಮೂಲೆ ಗುಡಿಸಿದ್ದು, ಸಿಕ್ಕಾಗ ಅಕ್ಕಪಕ್ಕದವರನ್ನು ಕೂಗಿ ಕರೆದದ್ದು ಎಲ್ಲಾ ಇದೆ. ಇದೇ ಕಥೆಯನ್ನು ನಾನೊಮ್ಮೆ ಅದೇ ಓಣಿಯಲ್ಲಿ ಹೇಳಿದ್ದೆ. ಜಿರಾಫೆ ಬೇಡ ಅಂದ ಆ ಅಜ್ಜಿ ನಡುವೆಯೇ ಬಾಯಿ ಹಾಕಿದರು: ‘ಮೂಗುತಿ ತಿರುಪು ಬಿದ್ರ ನಾವೂ ಹಿಂಗ ಹುಡುಕ್ತೇವಲ್ರಿ. ಕಸಾ ಸೈತ ಚೆಲ್ಲಂಗಿಲ್ಲ, ಮೊದ್ಲ ಬೆರಳಾಡಿಸಿ ನೋಡ್ತೇವಿ.’ ಕಸದಲ್ಲಿ ಬೆರಳಾಡಿಸುವ ದೇವರು! ನಾನು ಇಷ್ಟು ವರ್ಷ ಓದಿದ ಯಾವ ವ್ಯಾಖ್ಯಾನದಲ್ಲೂ ಇದು ಸಿಕ್ಕಿರಲಿಲ್ಲ. ಆದರೆ ನೀವು ಅದೇ ಪಾಠದ ಕೊನೆಯಲ್ಲಿ ‘ಇದರಿಂದ ನಾವು ಕಲಿಯುವ ಐದು ನೀತಿಗಳು’ ಅಂತ ಅರ್ಧ ಪುಟ ಸೇರಿಸಿ ಅಜ್ಜಿ ಬಾಯಿ ಮುಚ್ಚಿಸಿದ್ದೀರಿ. ಆ ಅರ್ಧ ಪುಟ ತೆಗೆದು ಒಂದು ಪ್ರಶ್ನೆ ಇಡಿ: ‘ನಿಮ್ಮ ಮನೆಯಲ್ಲಿ ಏನಾದರೂ ಹೀಗೆ ಕಳೆದಿತ್ತಾ?’ ಸಾಕು.

ಚಿತ್ರಗಳ ಬಗ್ಗೆ ಒಂದೇ ಮಾತು. ಬರೀ ತಲೆ, ಬರೀ ಕೈ ಬರೆಸಬೇಡಿ. ‘ಉಳಿದ ಮೈ ಎಲ್ಲಿ?’ ಅಂತ ಕೇಳುವವರಿದ್ದಾರೆ.

ಹಾಗಾದರೆ ಏನು ಮಾಡಬೇಕು? ಕನ್ನಡದಲ್ಲಿ ಹೊಸ ಒಡಂಬಡಿಕೆಯ ಆಡಿಯೋ ಈಗಾಗಲೇ ಇದೆ, ಫೋನಿಗೆ ಪುಕ್ಕಟೆ ಸಿಗುತ್ತದೆ. 1979ರಲ್ಲಿ ಲೂಕನ ಸುವಾರ್ತೆಯಿಂದ ತೆಗೆದ ಯೇಸುವಿನ ಸಿನಿಮಾ ಕೂಡ ಕನ್ನಡದಲ್ಲಿದೆ. ಮತ್ತೆ ಅದನ್ನೇ ಮಾಡುವುದು ಬೇಡ. ಇಲ್ಲದೆ ಇರುವುದು, ಕೇಳಿದ ಮೇಲೆ ಕೂತು ಮಾತಾಡಲು ಬೇಕಾದ ಸಾಮಗ್ರಿ. ಏಳನೇ ಪಾಠವನ್ನು ನಿಮ್ಮ ಫೋನಿನಲ್ಲೇ ನಾಲ್ಕು ನಿಮಿಷಕ್ಕೆ ರೆಕಾರ್ಡ್ ಮಾಡಿ, ಜಾಸ್ತಿ ಬೇಡ. 1939ರ ಸುಮಾರಿಗೆ ಲಾಸ್ ಏಂಜಲಿಸ್‌ನಲ್ಲಿ ಜಾಯ್ ರಿಡರ್‌ಹಾಫ್ ಅನ್ನುವ ಹೆಣ್ಣುಮಗಳು ಸುವಾರ್ತೆಯನ್ನು ಗ್ರಾಮಫೋನಿಗೆ ಹಾಕಲು ಶುರು ಮಾಡಿದಾಗ ಆ ತಟ್ಟೆಯ ಒಂದು ಬದಿಗೆ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತಿತ್ತು. ಆ ಅಳತೆ ಈಗಲೂ ಒಳ್ಳೆಯದೇ.

ನಿಮ್ಮ ಸಭೆಯಲ್ಲಿ ಓದು ಬಾರದ ಒಬ್ಬರಿಗೆ ಅದನ್ನು ಕೇಳಿಸಿ. ಮಾರನೇ ದಿನ ಹೋಗಿ, ‘ನಿನ್ನೆ ಏನು ಕೇಳಿದಿರಿ, ನನ್ನ ತಂಗಿಗೆ ಹೇಳಿ’ ಅನ್ನಿ. ತಂಗಿಯನ್ನು ನಿಜವಾಗಿ ಕರೆದುಕೊಂಡು ಹೋಗಿ. ನಿಮಗೇ ತಿರುಗಿ ಹೇಳಿ ಅಂದರೆ ಅದು ಪರೀಕ್ಷೆ ಆಗುತ್ತದೆ, ಅವರಿಗೆ ಮತ್ತೆ ಚಹಾ ನೆನಪಾಗುತ್ತದೆ. ಅವರು ಎಲ್ಲಿ ತಡವರಿಸಿದರು, ಏನು ಬಿಟ್ಟರು, ಏನು ತಾವೇ ಸೇರಿಸಿದರು, ಬರೆದುಕೊಳ್ಳಿ. ಬಿಟ್ಟದ್ದರಲ್ಲಿ ತಪ್ಪು ನಿಮ್ಮದು. ಸೇರಿಸಿದ್ದು ಸತ್ಯವೇದದಲ್ಲಿ ಇಲ್ಲದ ಮಾತಾದರೆ ಹೇಳುವ ರೀತಿ ಬದಲಿಸಿ, ಮತ್ತೆ ರೆಕಾರ್ಡ್ ಮಾಡಿ.

ಪುಸ್ತಕ ಬೇಡವೇ ಬೇಡ ಅಂತಲ್ಲ. ಈ ವಯಸ್ಸಿನಲ್ಲಿ ಓದು ಕಲಿಯಬೇಕು ಅನ್ನುವ ಹಟದವರೂ ಇದ್ದಾರೆ. ಅವರಿಗೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಕೆಲವರಿಗೆ ಬೇಕಾಗಿರುವುದು ಪಾಠ ಅಲ್ಲ, ನಿಜವಾದ ಚಾಳೀಸು. ಆಮೇಲೆ ಒಂದೇ ಕಾಲಂ, ದೊಡ್ಡ ಅಕ್ಷರ, ಉಸಿರು ನಿಲ್ಲುವಲ್ಲಿ ಸಾಲು ಮುರಿಯಲಿ. ಎರಡು ಕಾಲಂನಲ್ಲಿ ಪದವನ್ನು ಅರ್ಧಕ್ಕೆ ತುಂಡು ಮಾಡುವ ಹಳೆ ಅಚ್ಚಿನ ರೀತಿ ನಮಗೇ ಕಷ್ಟ. ಅವರು ಮೊದಲು ಬಾಯಿಪಾಠ ಬರುವ ಹಾಡನ್ನು ಓದಲಿ. ಬಾಯಿಗೆ ಗೊತ್ತಿರುವುದನ್ನು ಕಣ್ಣು ಬೇಗ ಹಿಡಿಯುತ್ತದೆ.

ನಿಮ್ಮ ಹಸ್ತಪ್ರತಿಯನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಪೆನ್ಸಿಲ್ ಗುರುತು ಜಾಸ್ತಿಯೇ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಏಳನೇ ಪಾಠದ ರೆಕಾರ್ಡಿಂಗ್‌ಗೆ ಕಾಯುತ್ತಿರುತ್ತೇನೆ. ಮಾಡುವಾಗ ಫ್ಯಾನ್ ಆಫ್ ಮಾಡಿ.