ಸಂಪಾದಕರ ಉತ್ತರ: ಆ ಅಲೆಯನ್ನು ಯಾಕೆ ನಂಬಲಾಗಲಿಲ್ಲ?

ಪ್ರಿಯ ಓದುಗರೇ,

ಹಿಂದಿನ ಸಂಚಿಕೆಯಲ್ಲಿ ನಾನು ‘ಎಸ್ಕೇಪ್ ಫ್ರಮ್ ಎಲ್.ಎ.’ ಸಿನಿಮಾದ ಗ್ರಾಫಿಕ್ಸ್ ಕಳಪೆ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಅದು ನಿಮಗೆ ಬೇಜಾರು ತಂದಿದೆ. ‘1996ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಇನ್ನೂ ಕೂಸು. ಇವತ್ತಿನ ಕಣ್ಣಲ್ಲಿ ನೋಡಿ ಬೈಯೋದು ಸರಿಯಾ?’ ಎಂದು ಕೇಳಿದ್ದೀರಿ. ಮಗನಿಗೆ ಆಸೆಯಿಂದ ತೋರಿಸಿದರೆ ಅವನು ಬಿದ್ದು ಬಿದ್ದು ನಕ್ಕ ಎಂದೂ ಬರೆದಿದ್ದೀರಿ. ಒಂದೇ ಸಾಲಲ್ಲಿ ಮುಗಿಸಿದ್ದು ನನ್ನ ತಪ್ಪು. ಈಗ ಬಿಡಿಸಿ ಹೇಳುತ್ತೇನೆ.

ಮಗ ನಕ್ಕಿದ್ದು ಸುನಾಮಿ ಸೀನಿಗೇ ಇರಬೇಕು, ಅಲ್ವಾ? ಭೂಕಂಪದಿಂದ ತುಂಡಾಗಿ ದ್ವೀಪವಾದ ಲಾಸ್ ಏಂಜಲಿಸ್. ಅದೀಗ ಬಯಲು ಜೈಲು. ನಟ ಕರ್ಟ್ ರಸೆಲ್‌ನ ಪಾತ್ರ ಸ್ನೇಕ್ ಪ್ಲಿಸ್ಕಿನ್, ಇನ್ನೊಬ್ಬ ನಟ ಪೀಟರ್ ಫಾಂಡಾ ಜೊತೆ ಸರ್ಫಿಂಗ್ ಹಲಗೆ ಹತ್ತಿ ದೊಡ್ಡ ಅಲೆಯ ಮೇಲೆ ಬರುತ್ತಾನೆ, ಓಡುತ್ತಿರುವ ಕಾರಿಗೆ ಜಿಗಿಯುತ್ತಾನೆ. ಆ ಸೀನನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಮೈಮೇಲಿನ ಬೆಳಕೇ ಬೇರೆ, ನೀರಿನ ಮೇಲಿನ ಬೆಳಕೇ ಬೇರೆ. ಮೈಯ ಅಂಚು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗಿದೆ. ಹಲಗೆ ನೀರನ್ನು ಒತ್ತುವುದಿಲ್ಲ, ನೀರು ಅದನ್ನು ಎತ್ತುವುದಿಲ್ಲ. ಒಬ್ಬ ಮನುಷ್ಯನ ಭಾರ ಅಲ್ಲಿ ಎಲ್ಲೂ ಕಾಣುವುದಿಲ್ಲ. ಶುರುವಿನಲ್ಲಿ ಬರುವ ಜಲಾಂತರ್ಗಾಮಿಯದ್ದೂ ಇದೇ ಕತೆ. ಅದು ಮುಳುಗಿದ ಊರಿನ ನಡುವೆ ವಿಡಿಯೋ ಗೇಮಿನಂತೆ ತೇಲುತ್ತದೆ.

ಕಾಲದ ಮಾತು ಹೇಳಿದಿರಿ. ಅದೇ 1996ರ ಬೇಸಿಗೆಯಲ್ಲೇ ‘ಟ್ವಿಸ್ಟರ್’ ಬಂತು, ‘ಇಂಡಿಪೆಂಡೆನ್ಸ್ ಡೇ’ ಬಂತು. ಟ್ವಿಸ್ಟರ್‌ನವರು ಸುಂಟರಗಾಳಿಯನ್ನು ಕಂಪ್ಯೂಟರ್‌ನಲ್ಲೇ ಮಾಡಿದರು, ಆದರೆ ಅದರ ಸುತ್ತ ಧೂಳು, ಕಸ, ಕಪ್ಪು ಮೋಡ ಕವಿಸಿದರು. ಇಂಡಿಪೆಂಡೆನ್ಸ್ ಡೇಯವರು ಶ್ವೇತಭವನದ ಪುಟ್ಟ ಮಾದರಿ ಕಟ್ಟಿ ಅದನ್ನೇ ಸ್ಫೋಟಿಸಿದರು. ಆ ವರ್ಷದ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಅವರಿಗೇ ಹೋಯಿತು. ಹಾಗಾಗಿ ತಪ್ಪನ್ನು ಪೂರ್ತಿ ಕಾಲದ ಮೇಲೆ ಹಾಕಲು ನನಗೆ ಮನಸ್ಸಿಲ್ಲ.

ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇದೇ ಸ್ನೇಕ್‌ನ ಮೊದಲ ಸಿನಿಮಾ ನೆನಪಾದಾಗ. 1981ರ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’. ಅದೇ ನಿರ್ದೇಶಕ ಜಾನ್ ಕಾರ್ಪೆಂಟರ್, ಅದೇ ರಸೆಲ್. ಖರ್ಚು ಸುಮಾರು 60 ಲಕ್ಷ ಡಾಲರ್. ಎರಡನೆಯದಕ್ಕೆ ಸುಮಾರು 5 ಕೋಟಿ. ಕಡಿಮೆ ದುಡ್ಡಿನದ್ದೇ ಇವತ್ತಿಗೂ ನಂಬಿಸುತ್ತದೆ.

ಸ್ನೇಕ್ ಗ್ಲೈಡರ್‌ನಲ್ಲಿ ನ್ಯೂಯಾರ್ಕಿಗೆ ಇಳಿಯುವ ಸೀನ್ ನೆನಪಿದೆಯಾ? ಅವನ ಮುಂದಿನ ಪರದೆಯಲ್ಲಿ ಕಟ್ಟಡಗಳು ಹೊಳೆಯುವ ಬರೀ ಗೆರೆಗಳಾಗಿ ಕಾಣುತ್ತವೆ. ಅದನ್ನು ನಾನು ವರ್ಷಗಟ್ಟಲೆ ಕಂಪ್ಯೂಟರ್ ಚಿತ್ರ ಎಂದೇ ನಂಬಿದ್ದೆ. ಆದರೆ ಆಗ ಅಂಥ ಗ್ರಾಫಿಕ್ಸ್ ಮಾಡಿಸುವುದು ಭಾರೀ ದುಬಾರಿ. ಅದಕ್ಕೇ ಅವರು ಊರಿನ ಮಾದರಿಗೆ ಕಪ್ಪು ಬಣ್ಣ ಬಳಿದು, ಕಟ್ಟಡಗಳ ಅಂಚಿಗೆಲ್ಲ ಹೊಳೆಯುವ ಟೇಪ್ ಅಂಟಿಸಿ, ನಡುವೆ ಕ್ಯಾಮೆರಾ ಓಡಿಸಿದರು. ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ಚಿತ್ರ! ನನಗೆ ಇದು ಗೊತ್ತಾದ ದಿನ ಆ ಸೀನನ್ನು ಮತ್ತೆ ಮತ್ತೆ ಹಾಕಿ ನೋಡಿದೆ.

ಹಾಳಾದ ನ್ಯೂಯಾರ್ಕಿನ ಬೀದಿಗಳನ್ನು ಹೆಚ್ಚಾಗಿ ಚಿತ್ರೀಕರಿಸಿದ್ದು ಅಮೆರಿಕದ ಇನ್ನೊಂದು ಊರಾದ ಸೇಂಟ್ ಲೂಯಿಸ್‌ನಲ್ಲಿ. 1976ರ ಬೆಂಕಿಯಲ್ಲಿ ಸುಟ್ಟ ಕಟ್ಟಡಗಳು ಅಲ್ಲಿ ಹಾಗೇ ನಿಂತಿದ್ದವು. ಉಳಿದಿದ್ದನ್ನು ಕತ್ತಲೆ ಮುಚ್ಚಿತು. ಏನನ್ನು ತೋರಿಸಬೇಕು, ಏನನ್ನು ಕತ್ತಲಲ್ಲಿ ಬಿಡಬೇಕು ಎಂಬುದು ಆ ತಂಡಕ್ಕೆ ಗೊತ್ತಿತ್ತು. ಎರಡನೇ ಸಲ ದುಡ್ಡು ಬಂತು, ಕಂಪ್ಯೂಟರ್ ಬಂತು, ಆ ಎಚ್ಚರ ಮಾತ್ರ ಜಾರಿತು. ಯಂತ್ರದಿಂದ ಕೇಳಬಾರದ್ದನ್ನೇ ಕೇಳಿದರು.

ಕೇಳಿದ್ದು ನೀರು. ನೀರು ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ. ಹುಟ್ಟಿದಾಗಿನಿಂದ ನಾವು ಅದನ್ನು ನೋಡುತ್ತಿದ್ದೇವೆ, ಚೂರು ತಪ್ಪಿದರೂ ಕಣ್ಣು ಹಿಡಿಯುತ್ತದೆ. ಒಂದೇ ಅಲೆಯಲ್ಲಿ ನೊರೆ, ಹನಿ, ಒಳಗಿಂದ ಬರುವ ಬೆಳಕು, ಆಕಾಶದ ಪ್ರತಿಬಿಂಬ ಎಲ್ಲವೂ ಇರಬೇಕು. ಮೊದಲ ಸಿನಿಮಾದ ಎಫೆಕ್ಟ್ಸ್ ತಂಡದಲ್ಲಿ ಜೇಮ್ಸ್ ಕ್ಯಾಮರೂನ್ ಎಂಬ ಹುಡುಗನೊಬ್ಬ ದುಡಿದಿದ್ದ. ಮುಂದೆ ಅವನೇ ನಿರ್ದೇಶಿಸಿದ 1989ರ ‘ದಿ ಅಬಿಸ್’ನಲ್ಲಿ ನೀರಿನಿಂದಲೇ ಆದ, ಹಾವಿನಂಥ ಒಂದು ಆಕಾರ ಬರುತ್ತದೆ, ಕಂಪ್ಯೂಟರ್‌ನಲ್ಲೇ ಮಾಡಿದ್ದು. ಒಟ್ಟು ಸುಮಾರು 75 ಸೆಕೆಂಡು. ಅಷ್ಟಕ್ಕೇ ಕಲಾವಿದರು ತಿಂಗಳುಗಟ್ಟಲೆ ಕೂತರು. ಅದಕ್ಕೂ ನೊರೆ ಇರಲಿಲ್ಲ, ಮೇಲೆ ಮನುಷ್ಯ ನಿಲ್ಲಬೇಕಿರಲಿಲ್ಲ. ಸ್ನೇಕ್‌ನನ್ನು ಹೊತ್ತ ಅಲೆ ಅದಕ್ಕಿಂತ ಎಷ್ಟು ಕಷ್ಟದ್ದು ಎಂದು ನೀವೇ ಲೆಕ್ಕ ಹಾಕಿ.

ಸಿನಿಮಾ ಬಗ್ಗೆ ನನಗೆ ದ್ವೇಷ ಇಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಕ್ಲೈಮ್ಯಾಕ್ಸ್ ನನಗೆ ತುಂಬಾ ಇಷ್ಟ. ಮಗನನ್ನು ಇನ್ನೊಂದು ಸಲ ಕೂರಿಸಿ, ಕ್ಲೈಮ್ಯಾಕ್ಸ್‌ಗೂ ಮುಂಚೆ ಬರುವ ಬಾಸ್ಕೆಟ್‌ಬಾಲ್ ಸೀನ್ ತೋರಿಸಿ. ಸ್ನೇಕ್ ತಪ್ಪದೆ ಚೆಂಡು ಹಾಕಬೇಕು, ತಪ್ಪಿದರೆ ಗುಂಡೇಟು. ಕೊನೆಯ ಎಸೆತ ಅಂಕಣದ ಈ ತುದಿಯಿಂದ ಆ ತುದಿಗೆ. ಅಲ್ಲಿ ಅವನು ನಗುವುದಿಲ್ಲ ಎಂದು ನನಗೆ ನಂಬಿಕೆ ಇದೆ. ಸೀನ್ ಮುಗಿದ ಮೇಲೆ ಹೇಳಿ: ಆ ಎಸೆತಗಳಲ್ಲಿ ಗ್ರಾಫಿಕ್ಸ್ ಇಲ್ಲ. ರಸೆಲ್ ಅಭ್ಯಾಸ ಮಾಡಿ, ಕೊನೆಯದನ್ನೂ ಸೇರಿಸಿ, ತಾನೇ ಹಾಕಿದ್ದು.

— ಸಂಪಾದಕ