ಐರ್ಲೆಂಡಿನವರು ಇಗರ್ಜಿ ಬಿಟ್ಟು ಮತ ಹಾಕಿದರೇ?

ಹೊನ್ನಾವರದ ನಿವೃತ್ತ ಮೇಷ್ಟ್ರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಬರೆಯುತ್ತಾರೆ: "ಸಲಿಂಗಿಗಳ ಮದುವೆಗೆ ಐರ್ಲೆಂಡಿನ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟರು ಎಂದು ಕಳೆದ ಸಂಚಿಕೆಯಲ್ಲಿ ಭಾರೀ ಖುಷಿಯಿಂದ ಬರೆದಿದ್ದೀರಿ. ನಾನು ಭಾನುವಾರದ ಪೂಜೆ ತಪ್ಪಿಸದ ಕ್ಯಾಥೊಲಿಕ್. ಸಂತ ಪ್ಯಾಟ್ರಿಕ್ಕರ ನಾಡು ಧರ್ಮವನ್ನೇ ಕೈಬಿಟ್ಟಿತೇ? ದೇವರು ಕೂಡಿಸುವ ಮದುವೆಯನ್ನು ಪಂಚಾಯ್ತಿ ಎಲೆಕ್ಷನ್ನಿನ ಹಾಗೆ ಮತಕ್ಕೆ ಹಾಕಬಹುದೇ? ನಾಳೆ ನಮ್ಮಲ್ಲೂ ಹೀಗೇ ಆದರೆ ಏನು ಗತಿ?"

ಮೇಷ್ಟ್ರೇ,

ಪತ್ರ ಪೂರ್ತಿ ಸಿಟ್ಟಿನದು, ಆದರೂ ಒಂದೇ ಒಂದು ಕಾಗುಣಿತ ತಪ್ಪಿಲ್ಲ. ನಮಗೆ ಬರುವ ಮಿಕ್ಕ ಸಿಟ್ಟಿನ ಪತ್ರಗಳನ್ನು ನೀವೊಮ್ಮೆ ನೋಡಬೇಕು.

ಖುಷಿಯಿಂದ ಬರೆದದ್ದು ನಿಜ. ಆದರೆ 'ಧರ್ಮ ಕೈಬಿಟ್ಟರು' ಅನ್ನುವ ಮಾತಿಗೆ ಲೆಕ್ಕ ಕೂಡಿ ಬರುವುದಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿ ನೂರಕ್ಕೆ 84 ಜನ ತಾವು ಕ್ಯಾಥೊಲಿಕ್ ಎಂದು ಬರೆಸಿದ್ದರು. 2015ರ ಮೇ 22ರಂದು ಮತ ಹಾಕಿದವರಲ್ಲಿ ನೂರಕ್ಕೆ 62 ಜನ 'ಹೌದು' ಅಂದರು. ಕ್ಯಾಥೊಲಿಕರಲ್ಲದ ಮಿಕ್ಕ 16 ಜನ ಒಬ್ಬರೂ ಬಿಡದೆ ಹೌದು ಅಂದರು ಅಂತಲೇ ಇಟ್ಟುಕೊಳ್ಳಿ. ಆಗಲೂ 46 ಉಳಿಯುತ್ತದೆ. ಅಂದರೆ ಕ್ಯಾಥೊಲಿಕರಲ್ಲೇ ಸುಮಾರು ಅರ್ಧಕ್ಕಿಂತ ಜಾಸ್ತಿ ಜನ ಹೌದು ಅಂದಿದ್ದಾರೆ. ಇವರೇನು ಹಿಂದಿನ ರಾತ್ರಿ ಜಪಮಾಲೆ ಬಿಸಾಕಿ ಬಂದವರಲ್ಲ. 1997ರಿಂದ 2011ರವರೆಗೆ ಆ ದೇಶದ ಅಧ್ಯಕ್ಷೆಯಾಗಿದ್ದ ಮೇರಿ ಮೆಕಲೀಸ್ ಅವರನ್ನೇ ನೋಡಿ. ಅಪ್ಪಟ ಕ್ಯಾಥೊಲಿಕ್, ಅಧಿಕಾರ ಮುಗಿದ ಮೇಲೆ ರೋಮಿಗೆ ಹೋಗಿ ಚರ್ಚಿನ ಕಾನೂನನ್ನೇ ಓದಿದ ಹೆಂಗಸು. ಅವರ ಮಗ ಸಲಿಂಗಿ. ಅವರು ಬಹಿರಂಗವಾಗಿಯೇ 'ಹೌದು' ಪರ ಮಾತಾಡಿದರು.

ಬಿಟ್ಟದ್ದು ಬೇರೆ. ಬಿಷಪ್ಪರು ಹೇಳಿದರೆ ಮುಗಿಯಿತು ಅನ್ನುವ ಅಭ್ಯಾಸವನ್ನು ಬಿಟ್ಟರು. ಅದೂ ಒಂದು ದಿನದಲ್ಲಿ ಆದದ್ದಲ್ಲ. 1937ರ ಸಂವಿಧಾನದಲ್ಲಿ ಕ್ಯಾಥೊಲಿಕ್ ಚರ್ಚಿಗೆ 'ವಿಶೇಷ ಸ್ಥಾನ' ಅಂತಲೇ ಬರೆದಿತ್ತು, 1972ರಲ್ಲಿ ಜನರೇ ಮತ ಹಾಕಿ ಆ ಸಾಲು ತೆಗೆಸಿದರು. ಆದರೆ 1986ರಲ್ಲಿ ಡೈವೋರ್ಸ್ ಬೇಕೇ ಎಂದು ಕೇಳಿದಾಗ ಮೂರರಲ್ಲಿ ಎರಡು ಪಾಲಿನಷ್ಟು ಜನ ಬೇಡ ಅಂದರು. ಸಲಿಂಗಿಗಳನ್ನು ಜೈಲಿಗೆ ಹಾಕಬಹುದಾಗಿದ್ದ ಕಾನೂನು 1993ರವರೆಗೂ ಇತ್ತು. 1995ರಲ್ಲಿ ಡೈವೋರ್ಸ್ ಮತ್ತೆ ಮತಕ್ಕೆ ಬಂತು. ಹದಿನಾರು ಲಕ್ಷಕ್ಕೂ ಹೆಚ್ಚು ಮತ ಬಿದ್ದು, ಒಂಬತ್ತು ಸಾವಿರ ಚಿಲ್ಲರೆ ಅಂತರದಲ್ಲಿ ಕಷ್ಟಪಟ್ಟು ಪಾಸಾಯಿತು.

ಅದಾದ ಮೇಲೆ 2009ರಲ್ಲಿ ಒಂದೇ ವರ್ಷ ಎರಡು ತನಿಖಾ ವರದಿಗಳು ಬಂದವು. ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳನ್ನು ಹೊಡೆದದ್ದು, ಕೆಡಿಸಿದ್ದು ಒಂದರಲ್ಲಿ. ದೂರು ಬಂದರೂ ಚರ್ಚಿನ ಮಾನ ಉಳಿಸಲು ಡಬ್ಲಿನ್ನಿನ ಹಿರಿಯ ಧರ್ಮಗುರುಗಳು ಅದನ್ನು ಮುಚ್ಚಿಟ್ಟದ್ದು ಇನ್ನೊಂದರಲ್ಲಿ. ಮುಂದೆ 2015ರಲ್ಲಿ 'ಬೇಡ' ಪಕ್ಷದವರು ದಾರಿದೀಪದ ಕಂಬಗಳಿಗೆ ಮಗುವಿನ ಚಿತ್ರದ ಪೋಸ್ಟರ್ ಕಟ್ಟಿ, ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಬೇಕು ಅಂದಾಗ, ಆ ಮಾತನ್ನು ಜನ ಈ ವರದಿಗಳ ನೆನಪಿನಲ್ಲೇ ಕೇಳಿಸಿಕೊಂಡಿರಬೇಕು. ದತ್ತು ವಿಷಯವನ್ನು ಸರ್ಕಾರ ಅದಕ್ಕೂ ಮೊದಲೇ ಏಪ್ರಿಲ್‌ನಲ್ಲಿ ಬೇರೆ ಕಾನೂನು ಮಾಡಿ ಮುಗಿಸಿತ್ತು ಅನ್ನುವುದೂ ಇದೆ.

ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಿರಬೇಕಲ್ವಾ? ಹಲ್ಲಿನ ಡಾಕ್ಟರು, 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೆ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ತೆಗೆಯಲಿಲ್ಲ, ಮೈಗೆಲ್ಲ ನಂಜೇರಿತು. 'ಇದು ಕ್ಯಾಥೊಲಿಕ್ ದೇಶ' ಎಂದು ಆಕೆಗೆ ಹೇಳಿದ್ದನ್ನು ಸೂಲಗಿತ್ತಿ ನರ್ಸೊಬ್ಬರು ವಿಚಾರಣೆಯಲ್ಲಿ ಒಪ್ಪಿಕೊಂಡರು. ಆ ಸಾವು ಐರ್ಲೆಂಡನ್ನು ಅಲ್ಲಾಡಿಸಿತು. 2018ರಲ್ಲಿ ಗರ್ಭಪಾತದ ನಿಷೇಧ ತೆಗೆಯಲು ಮತ ಹಾಕಿ ಎಂದು ಸವಿತಾ ಅವರ ತಂದೆ ಬೆಳಗಾವಿಯಿಂದ ಕೇಳಿಕೊಂಡರು. ನೂರಕ್ಕೆ 66 ಜನ ಹಾಕಿದರು.

ಇನ್ನು ಮದುವೆಯನ್ನು ಮತಕ್ಕೆ ಹಾಕಿದ್ದು. ಇದರಲ್ಲಿ ನನ್ನದೂ ತಕರಾರಿದೆ, ಕಾರಣ ಮಾತ್ರ ನಿಮ್ಮದಲ್ಲ. ನಾನು ಯಾರ ಜೊತೆ ಬಾಳಬೇಕು ಅಂತ ನಾನು ಮೂವತ್ತೆರಡು ಲಕ್ಷ ಮತದಾರರ ಅಪ್ಪಣೆ ಯಾಕೆ ಕೇಳಬೇಕು? ಸಂಜೆ ಕೆಲಸ ಮುಗಿಸಿ, ಎದೆಗೊಂದು ಬ್ಯಾಡ್ಜ್ ಚುಚ್ಚಿಕೊಂಡು, ಗುರುತಿಲ್ಲದ ಬೀದಿಯಲ್ಲಿ ಮನೆ ಮನೆ ಬಾಗಿಲು ತಟ್ಟಿ, 'ನಾನು ಮದುವೆಯಾಗಬಹುದಾ, ದಯವಿಟ್ಟು ಹೌದು ಅನ್ನಿ' ಎಂದು ಬೇಡಿದವರು ಎಷ್ಟೋ ಜನ. ಕೆಲವು ಬಾಗಿಲು ಮುಖಕ್ಕೆ ಬಡಿದಂತೆ ಮುಚ್ಚಿದವು. ಗೆದ್ದ ಮೇಲೆ ಚಂದ ಕಾಣುತ್ತದೆ, ಸೋತಿದ್ದರೆ? ಅದೇ 2015ರ ಡಿಸೆಂಬರಿನಲ್ಲಿ ಸ್ಲೊವೇನಿಯಾದಲ್ಲಿ ಹಾಗೇ ಆಯಿತು. ಅದೂ ಕ್ಯಾಥೊಲಿಕರೇ ಜಾಸ್ತಿ ಇರುವ ದೇಶ. ಪಾರ್ಲಿಮೆಂಟು ಕೊಟ್ಟ ಹಕ್ಕನ್ನು ಮತದಾನದಲ್ಲಿ ಜನ ಕಿತ್ತುಕೊಂಡರು, ಮತ ಹಾಕಿದವರಲ್ಲಿ ನೂರಕ್ಕೆ 63 ಜನ ಬೇಡ ಅಂದರು. ಹಕ್ಕು ವಾಪಸ್ ಬಂದದ್ದು 2022ರಲ್ಲಿ, ಅಲ್ಲಿನ ಸಂವಿಧಾನ ಕೋರ್ಟಿನ ತೀರ್ಪಿನಿಂದ.

ಹಾಗಾದರೆ ಐರ್ಲೆಂಡಿನವರು ಮತಕ್ಕೆ ಯಾಕೆ ಹಾಕಿದರು? ಅಲ್ಲಿ ಸಂವಿಧಾನದ ಒಂದು ಸಾಲು ಬದಲಿಸಬೇಕಾದರೂ ಜನಮತ ಬೇಕೇ ಬೇಕು, ಬೇರೆ ದಾರಿಯಿಲ್ಲ. ಕೆನಡಾದಲ್ಲಿ ಮದುವೆಯಾಗಿ ಬಂದ ಇಬ್ಬರು ಹೆಂಗಸರು ಆ ಮದುವೆಯನ್ನು ಒಪ್ಪಿಕೊಳ್ಳಿ ಎಂದು ಕೋರ್ಟಿಗೆ ಹೋಗಿ 2006ರಲ್ಲಿ ಸೋತಿದ್ದರು, ಹಾಗಾಗಿ ಸಂವಿಧಾನವನ್ನೇ ಬದಲಿಸಲು ಹೊರಟರು. ಮತಕ್ಕೆ ಹಾಕುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದರು. ನೂರು ಜನರ ಒಂದು ಸಭೆ ಕೂಡಿಸಿದರು: ಒಬ್ಬ ಅಧ್ಯಕ್ಷ, 33 ರಾಜಕಾರಣಿಗಳು, ಮಿಕ್ಕ 66 ಮಂದಿ ಲಾಟರಿ ಎತ್ತಿದ ಹಾಗೆ ಆರಿಸಿದ ಸಾಮಾನ್ಯರು. ಎರಡೂ ಕಡೆಯ ವಾದ ಕೂತು ಕೇಳಿ, 2013ರ ಏಪ್ರಿಲ್‌ನಲ್ಲಿ ನೂರಕ್ಕೆ 79ರಷ್ಟು ಮಂದಿ ಬದಲಾವಣೆಯ ಪರ ನಿಂತರು. ಅಲ್ಲಿಂದ ಎರಡು ವರ್ಷ ಇಡೀ ದೇಶ ಇದನ್ನೇ ಮಾತಾಡಿತು. ಡಬ್ಲಿನ್ನಿನ ವಿದ್ಯಾರ್ಥಿಗಳು 'ಅಜ್ಜಿಗೆ ಫೋನ್ ಮಾಡಿ' ಅಂತಲೇ ಒಂದು ಚಳವಳಿ ನಡೆಸಿದರು, ಭಾಷಣ ಬೇಡ, ನಿಮ್ಮ ಅಜ್ಜಿಗೆ ನೀವೇ ಹೇಳಿ ಅಂತ. ಹೊರದೇಶಕ್ಕೆ ಹೋದವರು ಅಂಚೆಯಲ್ಲಿ ಮತ ಹಾಕುವಂತಿಲ್ಲ, ಹಾಗಾಗಿ ಲಂಡನ್ನಿನಿಂದಲೂ ಇನ್ನೂ ದೂರದಿಂದಲೂ ವಿಮಾನ, ಹಡಗು ಹತ್ತಿ ಬಂದರು. ಆರೋಗ್ಯ ಮಂತ್ರಿಯಾಗಿದ್ದ ಲಿಯೋ ವರಾಡ್ಕರ್, ನಮ್ಮ ಮುಂಬೈನಲ್ಲಿ ಹುಟ್ಟಿದ ಡಾಕ್ಟರೊಬ್ಬರ ಮಗ, 2015ರ ಜನವರಿಯಲ್ಲಿ ರೇಡಿಯೋದಲ್ಲಿ ತಾನು ಸಲಿಂಗಿ ಎಂದು ಹೇಳಿಕೊಂಡರು. ಎರಡೇ ವರ್ಷಕ್ಕೆ ಪ್ರಧಾನಿಯಾದರು. ಸ್ಲೊವೇನಿಯಾದಲ್ಲಿ ಮತ ಹಾಕಲು ಬಂದವರು ನೂರಕ್ಕೆ 36, ಐರ್ಲೆಂಡಿನಲ್ಲಿ 60. ನನ್ನ ಪ್ರಕಾರ ವ್ಯತ್ಯಾಸ ಇರುವುದು ಇಲ್ಲೇ, ಭಕ್ತಿ ಹೆಚ್ಚು ಕಮ್ಮಿಯಲ್ಲಿ ಅಲ್ಲ.

ಹೊಸದಕ್ಕೆಲ್ಲ ತಲೆಯಾಡಿಸಿಬಿಟ್ಟರು ಅಂತಲೂ ಅಲ್ಲ. ಅದೇ ದಿನ ಇನ್ನೊಂದು ಪ್ರಶ್ನೆಯೂ ಇತ್ತು: ಅಧ್ಯಕ್ಷ ಪದವಿಗೆ ನಿಲ್ಲುವ ವಯಸ್ಸನ್ನು 35ರಿಂದ 21ಕ್ಕೆ ಇಳಿಸೋಣವೇ? ನೂರಕ್ಕೆ 73 ಜನ ಬೇಡ ಅಂದರು!

ಅಲ್ಲಿನ ಎಣಿಕೆ ನೋಡುವುದೇ ಒಂದು ಚಂದ. ಮರುದಿನ ಬೆಳಿಗ್ಗೆ ಪೆಟ್ಟಿಗೆ ತಂದು ಮೇಜಿನ ಮೇಲೆ ಸುರಿಯುತ್ತಾರೆ, ಸಿಬ್ಬಂದಿ ಮಡಚಿದ ಚೀಟಿ ಬಿಡಿಸುತ್ತಾರೆ. ಅಡ್ಡಗಟ್ಟೆಯ ಈಚೆ ಟ್ಯಾಲಿಮನ್ ಅನ್ನುವವರು ಪೆನ್ಸಿಲು ಹಿಡಿದು, ಕತ್ತು ಚಾಚಿ, ಬಿಡಿಸುವಾಗಲೇ ಗುರುತು ನೋಡಿ ಗೀಟು ಹಾಕುತ್ತಾ ಹೋಗುತ್ತಾರೆ. ಅಧಿಕೃತ ಫಲಿತಾಂಶಕ್ಕೆ ಗಂಟೆಗಟ್ಟಲೆ ಮೊದಲೇ ಯಾವ ಊರಿನ ಪೆಟ್ಟಿಗೆ ಏನು ಹೇಳಿತು ಎಂದು ಅವರಿಗೆ ಗೊತ್ತು. ಆ ಮೇ 23ರಂದೂ ಹಾಗೇ ಆಯಿತು. 'ಬೇಡ' ಪಕ್ಷದ ಮುಂದಾಳು ಡೇವಿಡ್ ಕ್ವಿನ್ ಬೆಳಿಗ್ಗೆಯೇ ಟ್ವಿಟರ್‌ನಲ್ಲಿ ಸೋಲೊಪ್ಪಿ ಎದುರಾಳಿಗಳನ್ನು ಅಭಿನಂದಿಸಿದರು. ಇದು ನನಗೆ ಬಹಳ ಹಿಡಿಸಿತು. 43 ಕ್ಷೇತ್ರಗಳಲ್ಲಿ ಬೇಡ ಅಂದದ್ದು ರಾಸ್‌ಕಾಮನ್–ಸೌತ್ ಲೀಟ್ರಿಮ್ ಒಂದೇ, ಅದೂ ನೂರಕ್ಕೆ 51.

ವ್ಯಾಟಿಕನ್ನಿನ ಕಾರ್ಡಿನಲ್ ಪರೋಲಿನ್ ಇದು ಮನುಕುಲಕ್ಕೇ ಸೋಲು ಅಂದರು. ಡಬ್ಲಿನ್ನಿನ ಆರ್ಚ್‌ಬಿಷಪ್ ಡೀರ್‌ಮಿಡ್ ಮಾರ್ಟಿನ್, ಅವರೂ ಈ ಮದುವೆಯ ವಿರುದ್ಧವೇ, ಆದರೆ ಚರ್ಚು ವಾಸ್ತವ ಏನು ಅಂತ ಒಮ್ಮೆ ನೋಡಿಕೊಳ್ಳಬೇಕು ಅಂದರು. ನೀವು ಯಾರ ಕಡೆಯೋ ನಿಮಗೆ ಬಿಟ್ಟದ್ದು.

ನಾಳೆ ನಮ್ಮಲ್ಲಿ? ನಮ್ಮ ಸಂವಿಧಾನದಲ್ಲಿ ಜನಮತ ಕೇಳುವ ವ್ಯವಸ್ಥೆಯೇ ಇಲ್ಲ, ಆ ಭಯ ಬಿಡಿ. ಸಲಿಂಗಿಗಳಿಗೆ ಮದುವೆಯ ಹಕ್ಕು ಕೊಡುವುದು ಪಾರ್ಲಿಮೆಂಟಿನ ಕೆಲಸ ಎಂದು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಕೈ ತೊಳೆದುಕೊಂಡಿತು. ಒಂದು ವೇಳೆ ಪಾರ್ಲಿಮೆಂಟು ಕೊಟ್ಟರೂ ನಿಮ್ಮ ಇಗರ್ಜಿಯ ಪೀಠದ ಮುಂದೆ ಏನೂ ಬದಲಾಗಬೇಕಿಲ್ಲ. ಐರ್ಲೆಂಡಿನ ಕಾನೂನು ಯಾವ ಪಾದ್ರಿಗೂ ಇಂಥ ಮದುವೆ ಮಾಡಿಸಿ ಎಂದು ಹೇಳುವುದಿಲ್ಲ. ಕ್ರೈಸ್ತರಿಗೆ ನಮ್ಮ ಕೋರ್ಟು ಡೈವೋರ್ಸ್ ಕೊಡುತ್ತದೆ, ನಿಮ್ಮ ಇಗರ್ಜಿ ಅದನ್ನು ಒಪ್ಪುವುದಿಲ್ಲ. ಎರಡೂ ಎಷ್ಟೋ ವರ್ಷದಿಂದ ಒಂದೇ ಊರಲ್ಲಿ ನಡೆದುಕೊಂಡು ಬಂದಿವೆ, ನೀವೇ ನೋಡಿದ್ದೀರಿ.

ನಿಮ್ಮ ಉತ್ತರವನ್ನು ಕತ್ತರಿ ಹಾಕದೆ ಅಚ್ಚು ಮಾಡುತ್ತೇವೆ. ಒಂದೇ ಕೋರಿಕೆ, ಎರಡು ಪುಟ ದಾಟದಿರಲಿ.

– ಸಂ.