ಬಿಚ್ಚದ ಗಂಟು

ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವ ಮನಸ್ತಾಪಗಳಲ್ಲಿ ಒಂದು ಬಗೆಯದು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಎದುರಾಗುತ್ತಿದೆ. ಯಾರೋ ಊಟಕ್ಕೆ ಕರೆದಿರುತ್ತಾರೆ. ಹೋದವರು ಮನೆಯಿಂದ ಏನನ್ನೋ ಮಾಡಿಕೊಂಡು ಒಯ್ದಿರುತ್ತಾರೆ. ಒಯ್ದದ್ದನ್ನು ಬಡಿಸಲಿಲ್ಲವೆಂದೋ, ಬಡಿಸಿದರೂ ಯಾರೂ ಮೆಚ್ಚಲಿಲ್ಲವೆಂದೋ, ಎಲ್ಲರೂ ಅದನ್ನೇ ಮೆಚ್ಚಿದ್ದರಿಂದ ಕರೆದವರ ಮುಖ ಸಣ್ಣದಾಯಿತೆಂದೋ ಇಬ್ಬರ ನಡುವೆ ಮಾತು ನಿಂತಿರುತ್ತದೆ. ಹೊರಗಿನವರಿಗೆ ಇದು ನಗುವ ವಿಷಯ. ನನಗೂ ಮೊದಲು ಹಾಗೆಯೇ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲವಾದ್ದರಿಂದ, ಅಂಥ ಒಂದು ಪ್ರಕರಣವನ್ನು ಸಲಹಾರ್ಥಿಯ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಐವತ್ತರ ಆಸುಪಾಸಿನವರು, ಕಚೇರಿಯಲ್ಲಿ ಹಲವರ ಕೆಲಸದ ಹೊಣೆ ಹೊತ್ತವರು. ನಿದ್ದೆ ಬರುವುದಿಲ್ಲವೆಂದು ಬಂದರು. ಬಹಳ ಕಾಲದ ಗೆಳತಿಯೊಬ್ಬರೊಂದಿಗೆ ನಾಲ್ಕು ತಿಂಗಳಿಂದ ಮಾತಿಲ್ಲವೆಂಬ ಸಂಗತಿ ಮೊದಲ ಭೇಟಿಯ ಕೊನೆಗೆ, ಎದ್ದು ನಿಂತ ಮೇಲೆ ಹೊರಬಂತು. ಗೆಳತಿ ಮನೆಗೆ ಹತ್ತಾರು ಜನರನ್ನು ಊಟಕ್ಕೆ ಕರೆದಿದ್ದರು. ಈಕೆ ಅರ್ಧ ದಿನ ಒಲೆಯ ಮುಂದೆ ನಿಂತು ಮಾಡಿದ ಅಡುಗೆಯನ್ನು ಮುಚ್ಚಳದ ಪಾತ್ರೆಗೆ ತುಂಬಿ, ಬಟ್ಟೆಯಲ್ಲಿ ಕಟ್ಟಿ ಒಯ್ದರು. ಗೆಳತಿ ಅದನ್ನು ಬಾಗಿಲಲ್ಲೇ ತೆಗೆದುಕೊಂಡು ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿಟ್ಟರು. ಊಟ ಮುಗಿಯುವವರೆಗೂ ಪಾತ್ರೆ ಅಲ್ಲಿಂದ ಕದಲಲಿಲ್ಲ. ‘ನಾಲ್ಕು ಜನರ ಮುಂದೆ ಅವಮಾನ ಮಾಡಿದಳು’ ಎಂಬುದು ಇವರ ದೂರು. ಮೊದಲ ಎರಡು ಭೇಟಿಗಳಲ್ಲಿ ನಾನು ಬಹುಮಟ್ಟಿಗೆ ಇವರ ಪಕ್ಷದಲ್ಲೇ ಇದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಒಂದು ಚಮಚದಷ್ಟಾದರೂ ಬಡಿಸಬಹುದಿತ್ತಲ್ಲ ಎಂದು ನನಗೂ ಅನ್ನಿಸಿತ್ತು.

ಮೂರನೆಯ ಭೇಟಿಯಲ್ಲಿ, ಬೇರೆ ದಾರಿ ತೋಚದೆ, ಆ ಸಂಜೆಯನ್ನು ಬಾಗಿಲ ಕರೆಗಂಟೆ ಒತ್ತಿದಲ್ಲಿಂದ ಕ್ರಮವಾಗಿ ಹೇಳುವಂತೆ ಕೇಳಿಕೊಂಡೆ. ಅವರು ಹೇಳುತ್ತಾ ಬಂದರು. ಪಾತ್ರೆಯ ವಿಷಯ ಬಂದಾಗ ಧ್ವನಿ ಏರಿತು.

“ಬಡಿಸೋದು ಹಾಗಿರಲಿ ಮೇಡಂ, ನಾನು ಕಟ್ಟಿದ ಗಂಟನ್ನೂ ಅವಳು ಬಿಚ್ಚಿರಲಿಲ್ಲ. ಎರಡು ಸುತ್ತು ಹಾಕಿ ಕಟ್ಟಿದ್ದೆ, ಹಾಗೇ ಇತ್ತು.”

“ಅದು ನಿಮಗೆ ಹೇಗೆ ಗೊತ್ತಾಯಿತು?”

“ಮನೆಗೆ ಬಂದು ನಾನೇ ಬಿಚ್ಚಿದೆನಲ್ಲ.”

ಹೇಳಿದ ಮೇಲೆ ಅವರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಎರಡು ಭೇಟಿಗಳಲ್ಲಿ ಒಮ್ಮೆಯೂ ಬಾರದ ಮಾತು ಅದಾಗಿತ್ತು. ಹೊರಡುವ ಹೊತ್ತಿಗೆ ಗೆಳತಿ ಬಾಗಿಲಲ್ಲಿ ನಿಂತು ಉಳಿದವರನ್ನು ಕಳುಹಿಸಿಕೊಡುತ್ತಿದ್ದಾಗ, ಈಕೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಪಾತ್ರೆಯನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಅಂದು ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಯಾರು, ಯಾರ ಜೊತೆ ಮಾತಾಡಿದಿರಿ ಎಂದು ಕೇಳಿದೆ. ಬಹಳ ಯೋಚಿಸಿದರು. “ನೆನಪಾಗ್ತಿಲ್ಲ. ನಾನು ಅಡುಗೆಮನೆ ಬಾಗಿಲನ್ನೇ ನೋಡ್ತಾ ಇದ್ದೆ” ಎಂದರು.

ಕರೆದವರು ಫೋನಿನಲ್ಲಿ ಏನು ಹೇಳಿದ್ದರು ಎಂದು ವಿಚಾರಿಸಿದಾಗ ಉತ್ತರ ತಕ್ಷಣ ಬಂತು: ‘ಏನೂ ತರಬೇಡ, ನೀನು ಬಂದರೆ ಸಾಕು ಅಂದಿದ್ದಳು. ಎಲ್ಲರೂ ಹಾಗೇ ತಾನೇ ಹೇಳೋದು?’ ಹೌದು, ಎಲ್ಲರೂ ಹಾಗೆಯೇ ಹೇಳುತ್ತಾರೆ. ಕೆಲವರು ಉಪಚಾರಕ್ಕೆ, ಕೆಲವರು ನಿಜವಾಗಿ. ಯಾವುದು ಯಾವುದೆಂದು ಊಹಿಸಲು ಹೊರಡುವುದರಿಂದಲೇ ಅರ್ಧ ಪ್ರಕರಣಗಳು ಹುಟ್ಟುತ್ತವೆ. ನನ್ನ ನಿಲುವು ಸರಳವಾದುದು: ಒಮ್ಮೆ ಸ್ಪಷ್ಟವಾಗಿ ಕೇಳಬೇಕು, ಬಂದ ಉತ್ತರವನ್ನು ನಂಬಬೇಕು. ಉಪಚಾರಕ್ಕೆ ಬೇಡವೆಂದವರಿಗೆ ಅದರಿಂದ ನಷ್ಟವಾದರೆ, ಮುಂದಿನ ಸಲ ಅವರು ಮನಸ್ಸಿನಲ್ಲಿದ್ದುದನ್ನು ಹೇಳಲು ಕಲಿಯುತ್ತಾರೆ.

ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗಲು ನಮಗೆ ಯಾಕಿಷ್ಟು ಕಷ್ಟ? ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಉಡುಗೊರೆಗೆ ಮೂರು ಬಾಧ್ಯತೆಗಳನ್ನು ಗುರುತಿಸಿದರು: ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು. ಊಟಕ್ಕೆ ಕರೆದ ದಿನ ಕೊಡುವ ಸರದಿ ಕರೆದವರದು, ಸ್ವೀಕರಿಸುವ ಸರದಿ ಹೋದವರದು. ಮರಳಿ ಕೊಡುವುದಕ್ಕೆ ಇನ್ನೊಂದು ದಿನವಿದೆ, ನಮ್ಮ ಮನೆಯೂ ಇದೆ. ತುಂಬಿದ ಪಾತ್ರೆ ಹಿಡಿದು ಹೋಗುವ ಅನೇಕರು, ತಮಗೇ ತಿಳಿಯದಂತೆ, ಮೂರನೆಯದನ್ನು ಮೊದಲೇ ಮುಗಿಸಿ ಲೆಕ್ಕ ಚುಕ್ತಾ ಮಾಡಲು ನೋಡುತ್ತಾರೆ. ನನ್ನ ಸಲಹಾರ್ಥಿ ಇಡೀ ಕಚೇರಿಯಲ್ಲಿ ಯಾರ ಹಂಗಿನಲ್ಲೂ ಇಲ್ಲದವರೆಂದು ಹೆಸರಾದವರು. ಒಂದು ಸಂಜೆ ಇನ್ನೊಬ್ಬರ ಅನ್ನ ಉಂಡು ಸುಮ್ಮನೆ ಎದ್ದು ಬರುವುದು ಅವರಿಂದ ಆಗದ ಕೆಲಸವಾಗಿತ್ತು.

ಇನ್ನು ಗೆಳತಿ ಬಡಿಸದಿರುವುದಕ್ಕೆ ಅವಮಾನ ಮಾಡುವ ಉದ್ದೇಶವೇ ಬೇಕಾಗಿಲ್ಲ. ಕರೆದವರು ಯಾವುದರ ನಂತರ ಯಾವುದು ಎಂದು ಯೋಚಿಸಿ ಅಡುಗೆ ಮಾಡಿರುತ್ತಾರೆ. ನಡುವೆ ಬಂದ ಹೊಸ ಪದಾರ್ಥಕ್ಕೆ ಸೌಟು, ಬಟ್ಟಲು, ಒಲೆಯ ಮೇಲೊಂದು ಜಾಗ ಹುಡುಕಬೇಕು. ಬಂದವರಲ್ಲಿ ಯಾರಿಗೋ ಶೇಂಗಾ ಆಗದು, ಯಾರಿಗೋ ಹಾಲು ಆಗದು ಎಂಬುದು ಅವರಿಗೆ ತಿಳಿದಿರಬಹುದು. ಗಂಟಿನೊಳಗೆ ಏನಿದೆ ಎಂಬುದು ತಿಳಿದಿರುವುದಿಲ್ಲ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು, ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿಟ್ಟಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಾರಿಯಲ್ಲಿ ಎಷ್ಟು ಹೊತ್ತು ಕಳೆದಿದೆಯೋ ಗೊತ್ತಿಲ್ಲದ ಪಾತ್ರೆಯನ್ನು ಹತ್ತಾರು ಜನರ ಎಲೆಗೆ ಬಡಿಸಲು ಹಿಂಜರಿಯುವವರನ್ನು ನಾನು ದೂರಲಾರೆ.

ಪಾನೀಯದ ಬಾಟಲಿಗಳ ಕಥೆಯೂ ಬೇರೆಯಲ್ಲ. ತಂದುಕೊಟ್ಟ ಬಾಟಲಿಯನ್ನು ಅಂದೇ ತೆರೆಯಬೇಕೆಂಬ ಕಟ್ಟು ಕರೆದವರ ಮೇಲಿಲ್ಲ. ತೆರೆಯದೆ ಉಳಿದದ್ದು ಅವರ ಮನೆಯದೇ. ಮದ್ಯದ ವಿಷಯದಲ್ಲಂತೂ ನಾನು ಇನ್ನೂ ಬಿಗಿ. ಕುಡಿತ ಬಿಡಲು ಹೆಣಗುತ್ತಿರುವ ಒಬ್ಬರು ಆ ಮನೆಯಲ್ಲಿರಬಹುದು, ಅದನ್ನು ಅವರು ಊರಿಗೆಲ್ಲ ಹೇಳಿಕೊಂಡಿರುವುದಿಲ್ಲ. ಕೇಳದೆ ಒಯ್ಯಲೇಬೇಡಿ. ಇದನ್ನು ಅತಿಯೆನ್ನುವವರು ಅಂಥ ಮನೆಯವರ ಎದುರು ಕುಳಿತು ಮಾತಾಡಿದವರಲ್ಲ.

ಆಕೆಗೆ ನಾನು ಮೊದಲು ಹೇಳಿದ್ದು, ಗೆಳತಿಗೆ ಫೋನ್ ಮಾಡಿ ಪಾತ್ರೆಯನ್ನು ಹಿಂದಕ್ಕೆ ತಂದ ವಿಷಯವೊಂದನ್ನೇ ಹೇಳಬೇಕು, ಅವಮಾನದ ಮಾತನ್ನು ಎತ್ತಬಾರದು ಎಂದು. ಕೈ ದಾಟಿಸಿದ ವಸ್ತುವಿನ ಮೇಲೆ ಕೊಟ್ಟವರಿಗೆ ಹಕ್ಕಿಲ್ಲ. ಬಡಿಸುವುದು, ಎತ್ತಿಡುವುದು, ನೆರೆಮನೆಗೆ ಕೊಡುವುದು ಪಡೆದವರ ಇಷ್ಟ. ಹಿಂದಕ್ಕೆ ತಂದರೆ ಅದು ಕೊಟ್ಟದ್ದೇ ಅಲ್ಲವೆಂದಾಯಿತು. ಎರಡನೆಯದಾಗಿ, ಮುಂದಿನ ಎರಡು ಕರೆಗಳಿಗೆ, ಯಾರೇ ಕರೆಯಲಿ, ಬರಿಗೈಯಲ್ಲೇ ಹೋಗಬೇಕೆಂದೆ. ಆಮೇಲೆ ಏನಾದರೂ ಒಯ್ಯಲೇಬೇಕೆನ್ನಿಸಿದರೆ, ಬಿಸಿ ಮಾಡುವ, ಬಡಿಸುವ, ಪಾತ್ರೆ ಮರಳಿಸುವ ಕೆಲಸ ಹಚ್ಚದ, ನಾಲ್ಕು ದಿನ ಕೆಡದ ವಸ್ತುವಾಗಿರಲಿ. ಒಳಗೇನು ಹಾಕಿದೆ ಎಂಬ ಚೀಟಿ ಇರಲಿ. ‘ಇದು ಇವತ್ತಿಗಲ್ಲ, ನಾಳೆ ನಿಮಗೆ’ ಎಂದು ಬಾಯಿಬಿಟ್ಟು ಹೇಳಿ ಕೊಡಿ ಎಂದೆ. ಎಲ್ಲರೂ ಒಂದೊಂದು ಅಡುಗೆ ತರುವುದೆಂದು ಮೊದಲೇ ಮಾತಾದ ಕೂಟದ ನಿಯಮ ಬೇರೆ: ಅಲ್ಲಿ ಒಪ್ಪಿಕೊಂಡದ್ದನ್ನು, ಒಪ್ಪಿಕೊಂಡಷ್ಟು, ಸೌಟಿನ ಸಮೇತ ಹೊತ್ತಿಗೆ ಸರಿಯಾಗಿ ತರುವುದೇ ಮರ್ಯಾದೆ.

ಈ ಪ್ರಕರಣವನ್ನು ಹೆಸರಿಲ್ಲದೆ ಚರ್ಚಿಸಿದಾಗ ಸಹೋದ್ಯೋಗಿಯೊಬ್ಬರು, ‘ನೀವು ಮಾಡಿದ್ದು ಆಪ್ತಸಲಹೆಯಲ್ಲ, ಶಿಷ್ಟಾಚಾರದ ಪಾಠ’ ಎಂದರು. ಕೊಡುವುದರಿಂದಲೇ ಬದುಕು ಕಟ್ಟಿಕೊಂಡವರಿಗೆ ಕೊಡಬೇಡಿ ಎನ್ನುವುದು ಕ್ರೌರ್ಯವಲ್ಲವೇ ಎಂದೂ ಕೇಳಿದರು. ಆ ಪ್ರಶ್ನೆ ನನ್ನನ್ನು ಕೆಲವು ದಿನ ಕಾಡಿತು. ಆದರೂ ಸಲಹೆಯನ್ನು ಹಿಂದಕ್ಕೆ ಪಡೆಯುವುದಿಲ್ಲ. ನಾನು ಕೊಡಬೇಡಿ ಎಂದಿಲ್ಲ, ಎರಡು ಸಲ ಮಾತ್ರ ಪಡೆದು ನೋಡಿ ಎಂದಿದ್ದೇನೆ; ಪಾತ್ರೆ ಕೈಯಲ್ಲಿರುವವರೆಗೆ ಆ ಅಭ್ಯಾಸಕ್ಕೆ ಎಡೆಯೇ ಸಿಗುತ್ತಿರಲಿಲ್ಲ. ಶಿಷ್ಟಾಚಾರದ ಮಾತಿಗೆ ಬಂದರೆ, ಮನುಷ್ಯರು ತಮ್ಮ ಭಯವನ್ನು ಬಚ್ಚಿಡುವುದು ಹೆಚ್ಚಾಗಿ ಅದರೊಳಗೇ ಆದ್ದರಿಂದ, ಅಲ್ಲಿಯೇ ಹುಡುಕುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಫೋನ್ ಮಾಡಲು ಆಕೆ ಮೂರು ವಾರ ತೆಗೆದುಕೊಂಡರು. ಆ ರಾತ್ರಿ ಪಾತ್ರೆಯನ್ನು ಒಳಗಿಡಲೆಂದು ಫ್ರಿಜ್‌ನಲ್ಲಿ ಜಾಗ ಮಾಡಿ ತಿರುಗಿ ನೋಡಿದರೆ ಅದು ಇರಲಿಲ್ಲವೆಂದೂ, ಯಾರೋ ತಮ್ಮದೆಂದು ತಿಳಿದು ಒಯ್ದಿರಬೇಕೆಂದು ಇಬ್ಬರಿಗೆ ಫೋನ್ ಮಾಡಿ ಕೇಳಿ ತಾನು ನಾಚಿಕೆಪಟ್ಟದ್ದಾಯಿತೆಂದೂ ಗೆಳತಿ ಹೇಳಿದರಂತೆ. (2 ಗಂಟೆಯ ಸಲಹೆಯನ್ನು ಅಂದು ಇಬ್ಬರೂ ಮೀರಿದ್ದರೆಂಬುದು ಬೇರೆ ಮಾತು.) ‘ಹೇಳಿದ್ದು ಒಳ್ಳೆಯದಾಯಿತು’ ಎಂದಷ್ಟೇ ಹೇಳಿ ಗೆಳತಿ ಫೋನ್ ಇಟ್ಟರು. ಎರಡು ತಿಂಗಳ ಮೇಲೆ ಅದೇ ಮನೆಯಿಂದ ಮತ್ತೆ ಕರೆ ಬಂತು, ಈ ಸಲವೂ ಏನೂ ತರಬೇಡ ಎಂಬ ಮಾತಿನೊಂದಿಗೆ. ಸಣ್ಣದೊಂದು ಡಬ್ಬಿಯನ್ನಾದರೂ ಒಯ್ಯಬಹುದೇ ಎಂದು ಆಕೆ ನನ್ನನ್ನು ಕೇಳಿದರು. ಬೇಡ ಎಂದೆ.